ತಮ್ಮನ ಅಂಗಿ ಒಣಗಿದ ಸುದ್ದಿ

ಬೀದರಿನಲ್ಲಿ ಬಟ್ಟೆ ಒಣಗಿಸುವುದಕ್ಕೆ ಒಂದು ಯಂತ್ರ ಬೇಕಾಗುತ್ತದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಈಗಲೂ ಅನ್ನಿಸಿಲ್ಲ. ಆದರೆ ಅದು ಮನೆಗೆ ಬಂದುಬಿಟ್ಟಿದೆ. ಮೇಲಿನ ಮಹಡಿಯಲ್ಲಿರುವ ನನ್ನ ತಮ್ಮನ ಸೊಸೆ ತರಿಸಿದ್ದಾಳೆ. ಒಗೆಯುವ ಯಂತ್ರ ಮೊದಲೇ ಇತ್ತು. ಇದು ಬರೀ ಒಣಗಿಸುವುದಕ್ಕೆ. ಅದನ್ನು ಹಚ್ಚಿದಾಗ ಕೆಳಗೆ ನನ್ನ ಕೋಣೆಯ ಗೋಡೆ ಗುಂಯ್ ಎನ್ನುತ್ತದೆ, ಮೀಟರಿನ ಕೆಂಪು ದೀಪ ಗಾಬರಿಯಾದವರ ಹಾಗೆ ಕಣ್ಣು ಬಡಿಯುತ್ತದೆ.

"ಅತ್ತಿ, ಮಾಳಗಿ ಹತ್ತಿಳಿದು ಯಾಕ ಮೊಣಕಾಲು ನೋಯಿಸ್ಕೊಳ್ತೀರಿ? ನಿಮ್ಮ ಅರಿವಿನೂ ಕೊಡ್ರಿ, ಒಂದು ತಾಸಿನಾಗ ಬಿಸಿಬಿಸಿ ಕೈಗಿ ಕೊಡ್ತೀನಿ" ಎಂದು ಅವಳು ಪ್ರೀತಿಯಿಂದಲೇ ಕೇಳಿದಳು.

"ಬಿಸಿಬಿಸಿ ಅರಿವಿ ತಗೊಂಡು ಏನು ಮಾಡ್ಲೆವ್ವ? ಅದೇನು ರೊಟ್ಟಿ ಏನು?" ಎಂದೆ.

ಅವಳು ನಕ್ಕಳು. ಬುದ್ಧಿ ಹೇಳುವ ಚಟ ನನಗೆ ಇಲ್ಲದಿಲ್ಲ. ಸಾಲಿಯಲ್ಲಿ ಮಕ್ಕಳಿಗೆ ಅದನ್ನೇ ಹೇಳಿ ಹೊಟ್ಟೆ ಹೊರೆದವಳು ನಾನು. ಹಿಂಡಿದ ಬಟ್ಟೆಯನ್ನು ಒಮ್ಮೆ ಜೋರಾಗಿ ಝಾಡಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಲಂಗ ಪಾಯಜಾಮಗಳನ್ನು ಲಾಡಿಯ ಕಡೆ ಮೇಲೆ ಮಾಡಿ, ಬಾಯಿ ತೆರೆದಿಟ್ಟು ಸಿಕ್ಕಿಸಿದರೆ ಗಾಳಿ ಒಳಹೊಕ್ಕು ಹೊರಬರುತ್ತದೆ. ದಪ್ಪ ಟವೆಲ್ಲಿನ ಪಕ್ಕ ದಪ್ಪ ಟವೆಲ್ಲು ಹಾಕಬಾರದು, ನಡುವೆ ಒಂದು ತೆಳ್ಳಗಿನದು ಇರಬೇಕು. ಮಳೆಗಾಲದಲ್ಲಿ ಒದ್ದೆ ಕುಪ್ಪಸವನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ, ಮೇಲೆ ಕೂತು ಒತ್ತಿದರೆ ಟವೆಲ್ಲು ನೀರು ಕುಡಿಯುತ್ತದೆ. ಈ ಕೊನೆಯದಕ್ಕೆ ನನ್ನಷ್ಟು ತೂಕ ಇರುವವರೇ ಬೇಕು. ಇದನ್ನೆಲ್ಲ ಕೇಳಿದ ಮೇಲೆ ಸೊಸೆ ಹೇಳಿದ್ದು ಒಂದೇ ಮಾತು: "ಇಷ್ಟು ನೆನಪಿಡೋದಕ್ಕಿಂತ ಒಂದು ಬಟನ್ ಒತ್ತೋದು ಹಗುರ ಅಲ್ಲೇನ್ರಿ ಅತ್ತಿ?"

ಅದೂ ನಿಜವೇ.

ಈ ವಿದ್ಯೆಯೆಲ್ಲ ನನ್ನದಲ್ಲ, ಅವ್ವನದು. ಆಗ ನಾವು ಭಾಲ್ಕಿಯಲ್ಲಿದ್ದೆವು. ಅಪ್ಪ ಅಲ್ಲಿನ ಒಂದು ಕಚೇರಿಯಲ್ಲಿ ಜವಾನ. ಅವ್ವ ಒಗೆಯುವುದರಲ್ಲಿ ಅಂಥ ಚುರುಕೇನಲ್ಲ, ಒಣಹಾಕುವುದರಲ್ಲಿ ಮಾತ್ರ ಶಿಸ್ತಿನವಳು. "ಅರಿವಿ ಬಿಸಿಲಿಗಿ ಒಣಗಂಗಿಲ್ಲವ್ವ, ಗಾಳಿಗಿ ಒಣಗತದ. ಬಿಸಿಲು ಬಣ್ಣ ತಿಂತದ, ಅಷ್ಟೇ" ಎನ್ನುತ್ತಿದ್ದಳು. ಹಾಗಾಗಿ ಬಣ್ಣದವು ಬೇವಿನ ನೆರಳಿಗೆ, ಬಿಳಿಯವು ಮಾತ್ರ ಬಿಸಿಲಿಗೆ. ಹುಣ್ಣಿಮೆಗೆ ಬುದ್ಧವಿಹಾರಕ್ಕೆ ಹೋಗುವಾಗ ಉಡುವ ಅವಳ ಬಿಳಿ ಸೀರೆಯನ್ನು ತೊಗರಿಕಟ್ಟಿಗೆಯ ಬಣವೆಯ ಮೇಲೆ ಹರವುತ್ತಿದ್ದಳು. ಅದು ಒಣಗುವ ತನಕ ಒಬ್ಬರು ಕೋಳಿ ಕಾಯಬೇಕು. ಆ ಒಬ್ಬರು ಯಾವಾಗಲೂ ನಾನೇ. ತಮ್ಮ ಗಂಡುಹುಡುಗ, ಅವನಿಗೆ ಕೋಳಿ ಹೆದರುವುದಿಲ್ಲ ಎಂದು ಅವ್ವನ ವಾದ. ಕೋಳಿ ನನಗೂ ಹೆದರುತ್ತಿರಲಿಲ್ಲ.

ಇಸ್ತ್ರಿಯ ಮಾತು ಬಂದರೆ, ಹಿತ್ತಾಳೆ ತಂಬಿಗೆಯಲ್ಲಿ ನಾಲ್ಕು ಕೆಂಡ ಹಾಕಿ ಅದರ ತಳದಿಂದ ಉಜ್ಜುವುದೇ ಇಸ್ತ್ರಿ. ಕೆಂಡ ಇಲ್ಲದ ದಿನ ಮಡಚಿ ಹಾಸಿಗೆಯ ಕೆಳಗಿಟ್ಟು ಮಲಗುವುದು. ಒಮ್ಮೆ ಹೊರಳದೆ ಮಲಗಬೇಕೆಂಬ ಹಟದಲ್ಲಿ ನಿದ್ದೆಯೇ ಬರದೆ, ಮಡಿಕೆ ನೆಟ್ಟಗಿದ್ದ ಲಂಗ ಹಾಕಿಕೊಂಡು ಸಾಲಿಯಲ್ಲಿ ತೂಕಡಿಸಿದ್ದೇನೆ.

ಆದರೆ ಹೇಳಹೊರಟಿದ್ದು ಭಾಲ್ಕಿಯದಲ್ಲ, ಔರಾದದ್ದು. ಮೇಲಿನಿಂದ ಯಂತ್ರದ ಗುಂಯ್ ಸದ್ದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಅಲ್ಲಿನ ಒಂದು ಹಗ್ಗ.

ನನಗೆ ಮಾಸ್ತರಿಕೆಯ ನೌಕರಿ ಸಿಕ್ಕು ಔರಾದಕ್ಕೆ ಹಾಕಿದ ವರ್ಷವೇ ಮಳೆ ಕೈಕೊಟ್ಟಿತು. ಅಲ್ಲಿ ಊರ ಕೊನೆಯ ಓಣಿಯಲ್ಲಿ ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯ ಒಡತಿ ಸುಭದ್ರಕ್ಕ, ನನಗಿಂತ ಸ್ವಲ್ಪ ದೊಡ್ಡವಳು, ಗಂಡ ಸಂಗಪ್ಪ, ಇನ್ನೂ ಮಕ್ಕಳಿರಲಿಲ್ಲ. ಅವರು ಕೊರಳಲ್ಲಿ ಲಿಂಗ ಕಟ್ಟಿದ ಶರಣರ ಭಕ್ತರು, ನಾವು ಬೌದ್ಧರು. ಅವ್ವನಿಗೆ ಅದೇ ಚಿಂತೆ. ಬಾಡಿಗೆಗೇನೋ ಕೊಟ್ಟರು, ನಾಳೆ ಹಗ್ಗ ಬೇರೆ ಕಟ್ಟಿಕೋ ಎಂದರೆ ಮಗಳ ಮುಖ ಸಣ್ಣದಾಗುತ್ತದೆ ಎಂದು ತಾನೇ ಒಂದು ಗಟ್ಟಿ ಹಗ್ಗ ಟ್ರಂಕಿನಲ್ಲಿ ಇಟ್ಟಿದ್ದಳು. ಕಂದೀಲಿನ ಗಾಜು ಒಡೆಯಬಾರದೆಂದು ತಮ್ಮನ ಒಂದು ಹಳೆಯ ನೀಲಿ ಚೌಕಳಿ ಅಂಗಿಯಲ್ಲಿ ಸುತ್ತಿ ಅದನ್ನೂ ಇಟ್ಟಿದ್ದಳು.

ಮೊದಲ ದಿನವೇ ಸುಭದ್ರಕ್ಕ ಆ ಹಗ್ಗ ಕಂಡಳು. ಸಾಲಿ ಕಲಿಸುವವಳನ್ನು ಅಲ್ಲಿ 'ಬಾಯಿ' ಎಂದೇ ಕರೆಯುವುದು.

"ಇದ್ಯಾಕ ತಂದೀರಿ ಬಾಯಿರಿ?"

"ಅರಿವಿ ಒಣಾ ಹಾಕಲಕರಿ" ಎಂದೆ, ಅಳುಕುತ್ತ.

"ಅಂಗಳದಾಗ ಹಗ್ಗ ಅದಲ್ಲ, ಅರ್ಧ ನೀವು ಹಾಕ್ರಿ, ಅರ್ಧ ನಾ ಹಾಕ್ತೀನಿ. ಇದು ಹಿಂಗ ಕೊಡ್ರಿ. ಬಾವ್ಯಾಗ ನೀರು ಕೆಳಗಿ ಹೋಗ್ಯಾವ, ನಮ್ಮ ಹಗ್ಗ ಮುಟ್ಟವಲ್ದು."

ಅವ್ವ ಕಾಳಜಿಯಿಂದ ಕಟ್ಟಿಕೊಟ್ಟ ಹಗ್ಗವನ್ನು ಸುಭದ್ರಕ್ಕ ತನ್ನ ಬಾವಿಯ ಹಗ್ಗಕ್ಕೆ ಗಂಟು ಹಾಕಿ ಕೊಡ ಇಳಿಬಿಟ್ಟಳು. ಮುಂದಿನ ಸಲ ಬಂದಾಗ ಅವ್ವ ಅದನ್ನು ನೋಡಿದಳು. ಆ ಮನೆಯಲ್ಲಿ ಒಂದು ಲೋಟ ನೀರು ಕೇಳಿ ಕುಡಿದಳು.

ದೀಪಾವಳಿ ಕಳೆಯುವುದರೊಳಗೆ ಎರಡು ಹಗ್ಗದ ಉದ್ದವೂ ಸಾಲದಾಯಿತು. ಬಾವಿಯ ತಳದಲ್ಲಿ ಕೆಸರು, ಆಮೇಲೆ ಕೆಸರೂ ಬಿರುಕು. ಓಣಿಯ ಮನೆಗಳಿಗೆ ಒಂದೊಂದೇ ಬೀಗ ಬಿತ್ತು. ಯಾರು ಇದ್ದಾರೆ ಯಾರು ಹೋದರು ಎಂದು ತಿಳಿಯುವುದಕ್ಕೆ ಬಾಗಿಲು ಬಡಿಯಬೇಕಾಗಿರಲಿಲ್ಲ, ಅಂಗಳದ ಹಗ್ಗ ನೋಡಿದರೆ ಸಾಕು. ಬರಿದಾದ ಹಗ್ಗ ಎಂದರೆ ಹೈದರಾಬಾದೋ ಪುಣೆಯೋ. ಕೆಲವು ಮನೆಗಳಲ್ಲಿ ಸೀರೆ ಮಾತ್ರ ಕಾಣುತ್ತಿತ್ತು. ಗಂಡಸರು ಹೋಗಿ ಹೆಂಗಸರು ಉಳಿದ ಮನೆಗಳು. ಸಂಗಪ್ಪನೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ಇದ್ದ ಎರಡು ಅಂಗಿಯಲ್ಲಿ ಒಂದು ತೊಟ್ಟು, ಒಂದು ಚೀಲದಲ್ಲಿಟ್ಟುಕೊಂಡು ಹೋದ.

ಬಟ್ಟೆ ಒಗೆಯುವುದೇ ಆಗ ಒಂದು ಸೊಕ್ಕು. ಟ್ಯಾಂಕರಿನ ನೀರು ಕುಡಿಯುವುದಕ್ಕೆ, ಅಡಿಗೆಗೆ. ಸೀರೆಯನ್ನು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಬಿಸಿಲಿಗೆ ಹಾಕುತ್ತಿದ್ದೆವು. ಒಗೆಯದೆ ಒಣಗಿಸುವ ಈ ಕ್ರಮಕ್ಕೆ ಸುಭದ್ರಕ್ಕ "ಬಿಸಿಲಾಗ ಒಗಿಯೋದು" ಎಂದು ಹೆಸರಿಟ್ಟಿದ್ದಳು. ಹಾಗೆ ಒಗೆದ ಸೀರೆ ಉಟ್ಟು ಶುಚಿತ್ವದ ಪಾಠ ಮಾಡುತ್ತಿದ್ದೆ. ಮಕ್ಕಳೂ ಅಂಥ ಬಟ್ಟೆಯಲ್ಲೇ ಕೂತಿರುತ್ತಿದ್ದುದರಿಂದ ಪಾಠಕ್ಕೆ ತೊಂದರೆಯಾಗಲಿಲ್ಲ.

ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಯಾರೋ ನಮ್ಮ ಬಾಗಿಲಿನ ಚಿಲಕ ಅಲ್ಲಾಡಿಸಿದರು. "ಯಾರು?" ಎಂದರೆ ಉತ್ತರವಿಲ್ಲ. ಸುಭದ್ರಕ್ಕ ಒನಕೆ ಹಿಡಿದು ನಿಂತಳು. ನಾನು ಅವಳ ಹಿಂದೆ ಕಂದೀಲು ಹಿಡಿದು ನಿಂತೆ. ಹೆಜ್ಜೆಗಳು ಹೊರಟುಹೋದವು. ಬೆಳಿಗ್ಗೆ ಎದ್ದವಳೇ ನನ್ನ ಕೋಣೆಗೆ ಬಂದು ಕೇಳಿದಳು:

"ಬಾಯಿರಿ, ನಿಮ್ಮ ಬಲ್ಲಿ ಗಂಡಸರ ಅಂಗಿ ಅದ ಏನ್ರಿ?"

ಕಂದೀಲಿನ ಗಾಜಿಗೆ ಸುತ್ತಿ ತಂದ ತಮ್ಮನ ಅಂಗಿ ತೆಗೆದುಕೊಟ್ಟೆ. ಅವಳು ಅದನ್ನು ಒಯ್ದು ಹಗ್ಗದ ಬೀದಿಯ ಕಡೆಯ ತುದಿಗೆ, ಹೋಗುವ ಬರುವವರ ಕಣ್ಣಿಗೆ ಹೊಡೆಯುವ ಹಾಗೆ ಹರವಿದಳು. ಒದ್ದೆಯಿಲ್ಲದ ಅಂಗಿ ಯಾರು ನಂಬುತ್ತಾರೆ ಎಂದು ಒಂದು ಹಿಡಿ ನೀರನ್ನೂ ಚಿಮುಕಿಸಿದಳು. ಆ ನೀರು ನೋಡಿ ನನ್ನ ಜೀವ ಹೋಯಿತು.

ಅಂದಿನಿಂದ ತಮ್ಮನ ಅಂಗಿ ದಿನಾಲು ಬೆಳಿಗ್ಗೆ ಹಗ್ಗ ಏರುತ್ತಿತ್ತು, ಸಂಜೆ ಇಳಿಯುತ್ತಿತ್ತು. ಚಿಲಕದ ಸದ್ದು ಮತ್ತೆ ಕೇಳಲಿಲ್ಲ. ಕೇಳಿದ್ದು ಬೇರೆ ಸದ್ದು. ಕಿರಾಣಿ ಅಂಗಡಿಯವನು "ಸಂಗಪ್ಪ ಬಂದಾನಂತಲ್ಲ?" ಎಂದ. ಸುಭದ್ರಕ್ಕ "ಬರ್ತಾನ, ಹೋಗ್ತಾನರಿ" ಎಂದಳು. ಸಾಲಿಯಲ್ಲಿ ಹೆಡ್‌ಮಾಸ್ತರರು "ನಿಮ್ಮ ಮನಿ ಮಾಲಕ ಹ್ಯಾಂಗ ಅದಾನರಿ ಬಾಯಿ?" ಎಂದು ಕೇಳಿದರು. ಹಲಗೆಯ ಮೇಲೆ ನಾನೇ ಬರೆದ "ಸತ್ಯವನ್ನೇ ನುಡಿ" ಎಂಬ ಸಾಲಿಗೆ ಬೆನ್ನು ಮಾಡಿ ನಿಂತು "ಆರಾಮ ಅದಾನರಿ ಸರ್" ಎಂದೆ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೈದರಾಬಾದಿನಿಂದ ಕೆಲವರು ಊರಿಗೆ ಬಂದರು. ಹೊಲದಲ್ಲಿ ಜೋಳವಿಲ್ಲದಿದ್ದರೂ ಭಜ್ಜಿ, ಅಂಬಲಿ ಕಟ್ಟಿಕೊಂಡು ಒಣ ಹೊಲಕ್ಕೆ ಹೋಗಿ ಉಂಡುಬರುವುದು ತಪ್ಪಲಿಲ್ಲ. ಸಂಗಪ್ಪ ಬರಲಿಲ್ಲ. ಅವನ ಜೊತೆಗೇ ಕೆಲಸ ಮಾಡುವ ಮಾರುತಿ ಎಂಬ ಎದುರು ಮನೆಯವನು ಬಂದಿದ್ದ. "ಸಂಗಪ್ಪ ಆರಾಮ ಅದಾನ ಅಂತ ಹೇಳಂದಾನ" ಎಂದಷ್ಟೇ ಹೇಳಿದ. ಹೇಳುವಾಗ ಅವನ ಕಣ್ಣು ಸುಭದ್ರಕ್ಕನ ಮೇಲಿರಲಿಲ್ಲ. ಅವಳ ಹಿಂದಿನ ಹಗ್ಗದ ಮೇಲಿತ್ತು. ನಮಗೆ ಆಗ ಅದು ಹೊಳೆಯಲಿಲ್ಲ.

ಅವನು ಮರಳಿಹೋದ ಕೆಲವೇ ದಿನಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಸಂಗಪ್ಪ ಬಂದಿಳಿದ. ನಾನು ಕೋಣೆಯ ಹೊಸ್ತಿಲ ಮೇಲೆ ಕೂತು ಜೋಳ ಆರಿಸುತ್ತಿದ್ದೆ. ಅವನ ಮೈಯೆಲ್ಲ ಸಿಮೆಂಟಿನ ಬೂದಿಬಣ್ಣ. ಅವನು ಒಳಗೆ ಹೋಗಲಿಲ್ಲ, ನೀರು ಕೇಳಲಿಲ್ಲ. ಸೀದಾ ಹಗ್ಗದ ಹತ್ತಿರ ಹೋಗಿ ಅಂಗಿಯ ತೋಳು ಹಿಡಿದ.

"ಇದು ಯಾರ ಅಂಗಿ?"

ಸುಭದ್ರಕ್ಕ ಒಳಗಿನಿಂದ ನಗುತ್ತಲೇ ಹೊರಬಂದಿದ್ದಳು, ಗಂಡನ ದನಿ ಕೇಳಿ. ಆ ನಗು ಬಾಗಿಲಲ್ಲೇ ನಿಂತಿತು.

ಮಧ್ಯೆ ಬಾಯಿ ಹಾಕಬಾರದಿತ್ತು, ಹಾಕಿದೆ. "ಅದು ನಮ್ಮ ತಮ್ಮಂದರಿ ಸಂಗಪ್ಪಣ್ಣ."

"ನಿಮ್ಮ ತಮ್ಮ ಇಲ್ಲಿಗಿ ಬಂದಾನೇನ್ರಿ?"

"ಇಲ್ಲರಿ, ಅವ ಭಾಲ್ಕ್ಯಾಗ ಅದಾನ."

"ಅವ ಭಾಲ್ಕ್ಯಾಗ, ಅವನ ಅಂಗಿ ನನ್ನ ಮನ್ಯಾಗ. ದಿನಾ ಒಣಗತದಂತ. ದಿನಾ!"

ನನ್ನ ಸಹಾಯದಿಂದ ಸಂಗತಿ ಇನ್ನಷ್ಟು ಹದಗೆಟ್ಟಿತು. ಕಂದೀಲು, ಗಾಜು, ಚಿಲಕ ಎಂದು ಏನೇನೋ ತೊದಲಿದೆ. ಅವನು ಕೇಳುತ್ತಿರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಸುಭದ್ರಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು ಅಂಗಳಕ್ಕೆ ಇಳಿದು ಬಂದು, ಅಂಗಿಯನ್ನು ಹಗ್ಗದಿಂದ ತೆಗೆದು, ಗಂಡನ ಎದೆಗೆ ಒತ್ತಿ ಹಿಡಿದಳು. ಯಾವಾಗಲೂ ಗಂಡನಿಗೆ 'ರಿ' ಹಚ್ಚಿಯೇ ಮಾತಾಡುವವಳು. ಅಂದು ಅವಳ ಮಾತಿನಿಂದ 'ರಿ' ಬಿದ್ದುಹೋಗಿತ್ತು.

"ಮೂಸಿ ನೋಡು."

"ಏನು?"

"ಮೂಸಿ ನೋಡು ಅಂದೆ. ಮನುಷ್ಯಾರ ವಾಸನಿ ಅದ ಏನು ಇದಕ?"

ಅವನು ಮೂಸಿದ. ಕೊರಳಪಟ್ಟಿ ತಿರುವಿ ನೋಡಿದ. ತಿಂಗಳುಗಟ್ಟಲೆ ಬರೀ ಬಿಸಿಲು ಕುಡಿದ ಅರಿವೆ ಅದು. ಧೂಳಿನ ವಾಸನೆ ಬಿಟ್ಟರೆ ಇನ್ನೇನು ಇದ್ದೀತು? ಹೊರಮೈ ಬೆಳ್ಳಗಾಗಿತ್ತು, ಒಳಮೈ ಹಾಗೇ ನೀಲಿಯಾಗಿತ್ತು. ಬೆವರಿನ ಒಂದು ಗೆರೆ ಎಲ್ಲೂ ಇರಲಿಲ್ಲ. ಕೂಲಿ ಮಾಡುವವನಿಗೆ ಬೆವರು ಕುಡಿದ ಅಂಗಿ ಯಾವುದು, ಕುಡಿಯದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಕೈ ಸಡಿಲಾಯಿತು.

"ಮನ್ಯಾಗ ಗಂಡಸ ಅದಾನ ಅಂತ ಊರಿಗಿ ತೋರಸಲಕ ಹಾಕಿದ್ದೆ" ಎಂದಳು. "ನೀ ನೋಡ್ತಿ ಅಂತ ಹಾಕಿದ್ದಲ್ಲ."

"ಮಾರುತಿ ಅಂದ..."

"ಮಾರುತಿ ಅಂದ. ಅಂಗಿ ಒಣಗಿದ ಸುದ್ದಿ ಹೈದರಾಬಾದ ತನಕ ಮುಟ್ಟತು. ಬಾವಿ ಒಣಗಿದ ಸುದ್ದಿ ಮುಟ್ಟಲಿಲ್ಲೇನು?"

ಅವನು ನೆಲ ನೋಡಿದ. "ಆರಾಮ ಅದೀನಿ ಅಂತ ಹೇಳಿ ಕಳಿಸಿದ್ದೆ" ಎಂದ, ಮೆಲ್ಲಗೆ.

"ನೀ ಆರಾಮ ಅದಿ ಅಂದಿ. ನಾ ಹ್ಯಾಂಗ ಅದೀನಿ ಅಂತ ಕೇಳಂದಿದ್ದೇನು?"

ಎದುರು ಮನೆಯ ಹೆಂಗಸರು ಒಳಗೆ ಹೋದರು. ಅದಕ್ಕಿಂತ ಮುಂದೆ ನೋಡುವುದು ಸರಿಯಲ್ಲ ಎಂದು ಅವರಿಗೂ ಅನ್ನಿಸಿರಬೇಕು. ನಾನೂ ಮೊರ ಎತ್ತಿಕೊಂಡು ಕೋಣೆಗೆ ಸರಿದೆ. ಸಂಗಪ್ಪ ಅಂಗಳದ ಬೇವಿನ ಬುಡದಲ್ಲಿ ಬಹಳ ಹೊತ್ತು ಕೂತಿದ್ದ. ಕೊನೆಗೆ ನೀರು ಕೇಳಿದ. ಅವಳು ಅರ್ಧ ತಂಬಿಗೆ ತಂದುಕೊಟ್ಟು "ಇಷ್ಟೇ ಅದ" ಎಂದಳು. ಅವನು ಅದರಲ್ಲೂ ಅರ್ಧ ಕುಡಿದು, ಉಳಿದದ್ದನ್ನು ತಂಬಿಗೆಯಲ್ಲೇ ಮರಳಿಸಿದ.

ಮರುದಿನ ಟ್ಯಾಂಕರ್ ಬರುವುದಿತ್ತು. ಸುಭದ್ರಕ್ಕ ಕೊಡಗಳನ್ನು ತೊಳೆಯದೆ, ಒರೆಸಿ, ಗಂಡನ ಮುಂದೆ ಇಟ್ಟಳು. "ಇವತ್ತು ನೀವು ನಿಂದ್ರರಿ" ಎಂದಳು. 'ರಿ' ಮರಳಿ ಬಂದಿತ್ತು, ಆದರೆ ಮೊದಲಿನ ಮೆತ್ತಗಿನ 'ರಿ' ಅಲ್ಲ. ಆ ಊರಿನಲ್ಲಿ ನೀರಿನ ಪಾಳಿಗೆ ಗಂಡಸರು ನಿಲ್ಲುತ್ತಿರಲಿಲ್ಲ. ಸಂಗಪ್ಪ ಹೆಂಗಸರ ನಡುವೆ ಎರಡು ಕೊಡ ಹಿಡಿದು ಬಿಸಿಲಿನಲ್ಲಿ ನಿಂತ. ಹೋಟೆಲಿನ ಕಟ್ಟೆಯ ಮೇಲೆ ಕೂತವರು "ಏನೋ ಸಂಗ್ಯಾ, ಸೀರಿ ಉಟ್ಟು ಬರೋದಿತ್ತಲ್ಲ" ಎಂದು ನಕ್ಕರು. ಅವನು ತಿರುಗಿ ನೋಡಲಿಲ್ಲ. ಸಾಲಿಗೆ ಹೋಗುತ್ತ ನಾನು ನೋಡಿದಾಗ ಅವನ ಮುಂದೆ ಇನ್ನೂ ಬಹಳ ಜನರಿದ್ದರು. ಒಬ್ಬ ಮುದುಕಿಗೆ ತನ್ನ ಮುಂದೆ ಜಾಗ ಬಿಡುತ್ತಿದ್ದ.

ಆ ವಾರವೇ ಇಬ್ಬರೂ ಹೈದರಾಬಾದಿಗೆ ಹೊರಟರು. ಇಬ್ಬರೂ ಹೋಗುವುದು ಎಂದು ಯಾರು ಮೊದಲು ಹೇಳಿದರೋ ನನಗೆ ಗೊತ್ತಿಲ್ಲ. "ಒಬ್ಬಕ್ಕಿನೇ ಇರಲಕ ನನಗ ಹೆದರಿಕಿ ಇಲ್ಲರಿ ಬಾಯಿರಿ" ಎಂದಳು ಸುಭದ್ರಕ್ಕ, ಬಸ್ಸಿನ ಕಿಟಕಿಯಿಂದ. "ಆದ್ರ ಇವ್ರ ಕಿವಿಗಿ ನನ್ನ ಸುದ್ದಿ ನಾನೇ ಮುಟ್ಟಸ್ಬೇಕಲ್ಲ." ಸಂಗಪ್ಪ ಕೇಳದವನ ಹಾಗೆ ಮುಂದೆ ನೋಡುತ್ತಿದ್ದ. ಮನೆಯ ಬೀಗದ ಕೈ ನನ್ನ ಕೈಗೆ ಬಂತು. ವಿಷಯ ತಿಳಿದು ಅವ್ವ ಭಾಲ್ಕಿಯಿಂದ ಓಡಿಬಂದು ನನ್ನ ಜೊತೆ ಉಳಿದಳು. ಹಗ್ಗದ ಮೇಲೆ ನಮ್ಮಿಬ್ಬರ ಸೀರೆಗಳು ಮಾತ್ರ. ಮುಂದಿನ ವರ್ಷವೂ ಮೃಗಶಿರದ ಮಳೆ ಬಂದ ಹಾಗೆ ಮಾಡಿ ಹೋಯಿತು. ಅವ್ವ ದಿನಾ ಸಂಜೆ ಪಡುವಣದ ಕಡೆ ನೋಡಿ ಒಳಗೆ ಬರುತ್ತಿದ್ದಳು.

ಅದರಾಚೆಯ ವರ್ಷ ಮಳೆ ನಿಜವಾಗಿ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಔರಾದದ ಕೆಂಪು ಮಣ್ಣು ಓಣಿಯಲ್ಲಿ ಹೊಳೆಯಾಗಿ ಹರಿಯಿತು. ಅಂಥ ಮಳೆಯಲ್ಲೇ ಸಂಗಪ್ಪ ತಲೆಯ ಮೇಲೆ ಹಾಸಿಗೆಯ ಗಂಟು ಹೊತ್ತು, ಹಿಂದೆ ಸುಭದ್ರಕ್ಕ ಸೆರಗಿನೊಳಗೆ ಒಂದು ಕೂಸು ಹಿಡಿದುಕೊಂಡು ಬಂದರು. ಕೂಸಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಹಾಸಿಗೆ ತೊಯ್ದು ಕಲ್ಲಾಗಿತ್ತು. ಸುಭದ್ರಕ್ಕ ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು. ಆಮೇಲೆ ಒಳಗೆ ಹೋಗಿ ಮಲಗಿದವಳು ದಣಿವಿಗೆ ಎಚ್ಚರವಿಲ್ಲದೆ ನಿದ್ದೆಹೋದಳು.

ಮಳೆ ದಿನಗಟ್ಟಲೆ ನಿಲ್ಲಲಿಲ್ಲ. ಊರಿನಲ್ಲಿ ಯಾರ ಬಟ್ಟೆಯೂ ಒಣಗುತ್ತಿರಲಿಲ್ಲ. ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ಕೂಸಿಗೆ ಅದು ತಿಳಿಯುತ್ತದೆಯೇ? ಅದು ಒಂದಾದ ಮೇಲೊಂದು ಅರಿವೆ ತೋಯಿಸುತ್ತಲೇ ಇತ್ತು. ಸಂಗಪ್ಪ ಅಡಿಗೆಮನೆಯಲ್ಲಿ ಗೂಟದಿಂದ ಗೂಟಕ್ಕೆ ಒಂದು ಹುರಿ ಕಟ್ಟಿದ. ಅಡಿಗೆ ಮುಗಿದ ಒಲೆಯ ಕೆಂಡವನ್ನು ಮುಂದಕ್ಕೆಳೆದು, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ತುಂಡು ಅರಿವೆಗಳನ್ನು ಹರವಿದ. ಹೀಗೆ ಮಾಡಲು ಅವ್ವ ಹೇಳಿಕೊಟ್ಟಿದ್ದಳು. ಸುಡಬಾರದೆಂದು ಅವುಗಳನ್ನು ತಿರುವುತ್ತ, ಉಳಿದವನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದುಕೊಂಡು, ಹೊಗೆಗೆ ಕಣ್ಣು ಕಿರಿದು ಮಾಡಿ ಕೂತಿರುತ್ತಿದ್ದ. ಅಡಿಗೆಮನೆ ಒಳಗಿನದು, ಬೀದಿಗೆ ಅದು ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಕೆಂಡ ಕೇಳಲು ಹೋದಾಗ ಅವನು ಒಂದು ತುಂಡನ್ನು ನನ್ನ ಕಡೆ ಚಾಚಿದ.

"ಬಾಯಿರಿ, ನನ್ನ ಕೈಗಿ ಗೊತ್ತಾಗಂಗಿಲ್ಲ, ಸಿಮೆಂಟ್ ತಿಂದಾವ. ಒಣಗ್ಯಾದೇನು ನೋಡ್ರಿ."

ಕೆನ್ನೆಗೆ ಹಚ್ಚಿ ನೋಡಿದೆ. ಅಂಚಿನಲ್ಲಿ ಇನ್ನೂ ಸ್ವಲ್ಪ ತೇವವಿತ್ತು. ಹಾಗೆಂದೆ. ಅವನು ತಲೆಯಾಡಿಸಿ, ಅದನ್ನು ತಿರುಗಿ ತೆಗೆದುಕೊಂಡು, ಮತ್ತೆ ಒಲೆಯ ಮುಂದೆ ಕೂತ.